ಒಂಬತ್ತು ಮಿಲಿಮೀಟರಿನಲ್ಲಿ ಕೋಲಾರದ ರೈಲು

ಕೋಲಾರಕ್ಕೆ ಮೊದಲ ರೈಲು ಬಂದದ್ದು 1913ರಲ್ಲಿ. ಆಗ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಈಗಿನ ಬಂಗಾರಪೇಟೆಯಿಂದ ಕೋಲಾರದವರೆಗೆ ಸುಮಾರು 18 ಕಿ.ಮೀ. ಮಾರ್ಗ. ಎರಡು ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಮುಂದಿನ ಕೆಲವೇ ವರ್ಷಗಳಲ್ಲಿ ಈ ಪುಟ್ಟ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕ ದಾಟಿ ಬೆಂಗಳೂರನ್ನೂ ಮುಟ್ಟಿತು. ಮೊದಲ ರೈಲು ಬಂದು ನೂರು ವರ್ಷವಾದಾಗ, 2013ರಲ್ಲಿ, ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಲು ಶುರುವಾಯಿತು. ಒಳ್ಳೆಯದೇ ಆಯಿತು. ಆದರೆ ಆ ಹಳೆಯ ರೈಲು ಹೇಗಿತ್ತು, ಅದರ ಬೋಗಿ ಎಷ್ಟು ಅಗಲವಿತ್ತು, ಪ್ಲಾಟ್‌ಫಾರ್ಮ್ ಎಷ್ಟು ಎತ್ತರವಿತ್ತು ಎಂದು ಶ್ರೀನಿವಾಸಪುರದ ಪಿಯುಸಿ ಹುಡುಗಿಯೊಬ್ಬಳು ಕೇಳಿದರೆ, ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತೀರಿ?

ನನ್ನ ಮಾತು ಇಷ್ಟೇ: ತೋರಿಸುವಂಥದ್ದನ್ನು ನಾವೇ ಕಟ್ಟಬೇಕು. ಚಿಕ್ಕದಾಗಿ ಕಟ್ಟಬೇಕು, ಆದರೆ ಅಳತೆ ತಪ್ಪದಂತೆ ಕಟ್ಟಬೇಕು. ಹಿತ್ತಲಿನ ಶೆಡ್ಡಿನಲ್ಲಿ ಒಂದು ಮಾದರಿ ರೈಲು.

ಇಷ್ಟು ಹೇಳಿದ ಕೂಡಲೇ ಮನೆಯಲ್ಲಿ ಏನು ಉತ್ತರ ಬರುತ್ತದೆ ಎಂದು ನಮಗೆಲ್ಲ ಗೊತ್ತು. ‘ಡಿಗ್ರಿ ಓದೋ ವಯಸ್ಸಲ್ಲಿ ಆಟದ ರೈಲೇನಪ್ಪಾ?’ ಆದ್ದರಿಂದ ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸದಿಂದಲೇ ಶುರು ಮಾಡೋಣ. ಜಾತ್ರೆಯಲ್ಲಿ ಕೊಂಡ ರೈಲು ಯಾವ ಊರಿನದೂ ಅಲ್ಲ. ಅದು ಸುತ್ತು ಹಾಕಿದರೆ ಸಾಕು, ಮಗು ನಗುತ್ತದೆ. ಮಾದರಿ ಹಾಗಲ್ಲ. ಅದು ಒಂದು ಊರಿನ, ಒಂದು ಕಾಲದ, ಒಂದು ಹಳಿಯ ಬಗ್ಗೆ ಕೊಟ್ಟ ಹೇಳಿಕೆ. ಅಳತೆ ತಪ್ಪಿದರೆ ಹೇಳಿಕೆಯೇ ಸುಳ್ಳಾಗುತ್ತದೆ.

ಈ ವಿಷಯದಲ್ಲಿ ಐರ್ಲೆಂಡಿನ ಹವ್ಯಾಸಿಗಳ ಹಟ ನೋಡುವಂಥದ್ದು. ಅಲ್ಲಿ ರೈಲು ಶುರುವಾದ ಹೊಸದರಲ್ಲಿ ಒಂದೊಂದು ಕಂಪನಿಗೆ ಒಂದೊಂದು ಗೇಜ್. ಒಬ್ಬರದು 4 ಅಡಿ 8½ ಇಂಚು, ಇನ್ನೊಬ್ಬರದು 5 ಅಡಿ 2 ಇಂಚು, ಮತ್ತೊಬ್ಬರದು 6 ಅಡಿ 2 ಇಂಚು. ಕೊನೆಗೆ 1846ರ ಕಾಯ್ದೆ ಐರ್ಲೆಂಡಿಗೆಲ್ಲ 5 ಅಡಿ 3 ಇಂಚು, ಅಂದರೆ 1600 ಮಿ.ಮೀ. ಎಂದು ನಿಗದಿ ಮಾಡಿತು. ಬ್ರಿಟನ್ನಿಗೆ ಮಾತ್ರ 4 ಅಡಿ 8½ ಇಂಚು ಉಳಿಯಿತು. ಈಗ ತೊಂದರೆ ನೋಡಿ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ 76ಕ್ಕೆ ಒಂದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಹಳಿಯ ಅಂತರ 16.5 ಮಿ.ಮೀ. ಐರಿಷ್ ರೈಲಿಗೆ ಬೇಕಾದದ್ದು 21 ಮಿ.ಮೀ. ಅಂಗಡಿಯ ಹಳಿಯ ಮೇಲೆಯೇ ಓಡಿಸಿದರೆ ನಿಜದ ಲೆಕ್ಕದಲ್ಲಿ ಒಂದು ಅಡಿಗೂ ಹೆಚ್ಚು ಅಂತರ ಕಡಿಮೆಯಾಗುತ್ತದೆ, ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಹಟ ಹಿಡಿದವರು 21 ಮಿ.ಮೀ. ಹಳಿಯನ್ನು ತಾವೇ ಹಾಕುತ್ತಾರೆ. ಒಂದೊಂದು ಸ್ಲೀಪರ್ ಜೋಡಿಸಿ, ಹಳಿ ಬೆಸೆದು, ಚಕ್ರಗಳ ಅಂತರ ಹಿಗ್ಗಿಸಿ. ‘ನಮ್ಮ ರೈಲು ಹೀಗಿತ್ತು, ಅವರದರ ಹಾಗಿರಲಿಲ್ಲ’ ಎಂದು ಹೇಳುವುದಕ್ಕಾಗಿ ಇಷ್ಟು ಶ್ರಮ.

ನಮ್ಮ ಮುಖ್ಯ ಮಾರ್ಗದ ಕಥೆಯೂ ಇದೇ. ಮಾಲೂರು, ಟೇಕಲ್, ಬಂಗಾರಪೇಟೆಯ ಮೇಲೆ ಹೋಗುವ ಬೆಂಗಳೂರು–ಜೋಲಾರಪೇಟೆ ಹಳಿ 1864ರದು. ಅದರ ಅಂತರ 5 ಅಡಿ 6 ಇಂಚು, 1676 ಮಿ.ಮೀ. ಜಗತ್ತಿನಲ್ಲಿ ಹೆಚ್ಚು ಪ್ರಚಲಿತವಾದ 87ಕ್ಕೆ ಒಂದು ಅಳತೆಯಲ್ಲಿ ಇದು 19.26 ಮಿ.ಮೀ. ಆಗಬೇಕು. ಸಿಗುವ ಹಳಿ ಇಲ್ಲೂ 16.5 ಮಿ.ಮೀ.ನದೇ. ಅದರ ಮೇಲೆ ಭಾರತದ ರೈಲು ಓಡಿಸಿದರೆ ಲೆಕ್ಕಕ್ಕೆ ಒಂಬತ್ತೂವರೆ ಇಂಚು ಮಾಯ. ಮಾಲೂರು ನಿಲ್ದಾಣವನ್ನು ನಿಖರವಾಗಿ ಕಟ್ಟುವವರು ಐರಿಷ್ ಗೆಳೆಯರ ಹಾಗೆ ಹಳಿಯನ್ನು ಕೈಯಲ್ಲೇ ಹಾಕಬೇಕು.

ಆದರೆ ಕೋಲಾರದ ಪುಟ್ಟ ರೈಲಿಗೆ ಅದೃಷ್ಟವಿದೆ. 762ನ್ನು 87ರಿಂದ ಭಾಗಿಸಿ. 8.76 ಮಿ.ಮೀ. ಬರುತ್ತದೆ. ಚಿಕ್ಕ ಮಾದರಿ ರೈಲುಗಳಿಗೆಂದು ಎಲ್ಲೆಡೆ ಮಾರುವ ಹಳಿಯ ಅಂತರ 9 ಮಿ.ಮೀ. ವ್ಯತ್ಯಾಸ ಕಾಲು ಮಿಲಿಮೀಟರಿಗಿಂತಲೂ ಕಡಿಮೆ, ಕಣ್ಣಿಗೆ ಕಾಣದಷ್ಟು. ದೊಡ್ಡ ರೈಲು ಮಾಡುವವರಿಗೆ ಎದುರಾಗುವ ಮೊದಲ ಕಷ್ಟವೇ ನಮಗಿಲ್ಲ. ಸ್ಲೀಪರುಗಳ ಅಂತರವನ್ನು ಮಾತ್ರ ಸರಿ ಮಾಡಿಕೊಳ್ಳಬೇಕು.

ಇಡೀ ಮಾರ್ಗವನ್ನು ಕಟ್ಟಲು ಹೋಗಬಾರದು. ಬಂಗಾರಪೇಟೆ–ಕೋಲಾರದ 18 ಕಿ.ಮೀ.ಯನ್ನೇ ಈ ಅಳತೆಗೆ ಇಳಿಸಿದರೂ 207 ಮೀಟರ್ ಉದ್ದ ಬೇಕು. ಒಂದು ನಿಲ್ದಾಣ ಸಾಕು. ನಾಲ್ಕು ನೂರು ಮೀಟರ್ ಉದ್ದದ ನಿಲ್ದಾಣದ ಆವರಣ ಐದು ಮೀಟರ್ ಮೇಜಿನ ಮೇಲೆ ಕೂರುತ್ತದೆ. ಅದಕ್ಕೆ ಜಾಗವನ್ನು ದೂರ ಹುಡುಕಬೇಕಿಲ್ಲ. ಹುಳು ಸಾಕುವುದನ್ನು ಬಿಟ್ಟ ಮನೆಯವರ ಹೊಲದಲ್ಲಿ ರೇಷ್ಮೆ ಹುಳು ಮನೆ ಖಾಲಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಶೆಡ್ಡು ಬೇರೆ ಇಲ್ಲ. ಉದ್ದನೆಯ ಕಟ್ಟಡ, ಗಾಳಿ ಆಡುತ್ತದೆ, ತಟ್ಟೆ ಇಡುವ ಸ್ಟ್ಯಾಂಡುಗಳೂ ಇರುತ್ತವೆ. ಅದರ ಮೇಲೆ ಪ್ಲೈವುಡ್ ಹಾಸಿದರೆ ಮೇಜು ಸಿದ್ಧ. ಶೀಟಿನ ಚಾವಣಿಯಾದರೆ ಬೇಸಿಗೆಯ ಬಗ್ಗೆ ಎಚ್ಚರ ಬೇಕು. ಹತ್ತು ಮೀಟರ್ ಉಕ್ಕಿನ ಹಳಿ 20 ಡಿಗ್ರಿ ಬಿಸಿ ಏರಿದರೆ ಸುಮಾರು 2.4 ಮಿ.ಮೀ. ಹಿಗ್ಗುತ್ತದೆ. ನಡುನಡುವೆ ಸಂದು ಬಿಡದಿದ್ದರೆ ಹಳಿ ಬಾಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಎರಡು ಅಂಕಕ್ಕೆ ಓದಿದ ಉಷ್ಣ ವ್ಯಾಕೋಚನ ಇಲ್ಲಿ ಕಣ್ಣೆದುರು ನಡೆಯುತ್ತದೆ.

ಕಟ್ಟಡಗಳಿಗೆ ಕಾರ್ಡ್‌ಬೋರ್ಡ್ ಸಾಕು. ಮಾಲೂರೆಂದರೆ ಹೆಂಚು, ಇಟ್ಟಿಗೆ. ಹದಿನಾರು ಇಂಚು ಉದ್ದದ ಹೆಂಚು ಈ ಅಳತೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದು, 4.7 ಮಿ.ಮೀ. ಚಾವಣಿಗೆ ಅಂಥ ಸಾಲುಗಳನ್ನು ಕೂರಿಸುವಾಗ ಹೆಂಚು ಹೊದಿಸುವವರ ಕೆಲಸ ಎಷ್ಟು ತಾಳ್ಮೆಯದು ಎಂದು ಬೆರಳಿಗೆ ತಿಳಿಯುತ್ತದೆ. ವೇಗದಲ್ಲೂ ಪ್ರಾಮಾಣಿಕತೆ ಬೇಕು. ಗಂಟೆಗೆ 25 ಕಿ.ಮೀ. ಓಡುವ ರೈಲು ನಮ್ಮ ಮೇಜಿನ ಮೇಲೆ ಸೆಕೆಂಡಿಗೆ ಎಂಟು ಸೆಂಟಿಮೀಟರ್ ಮಾತ್ರ ಚಲಿಸಬೇಕು. ನೋಡುವವರಿಗೆ ಬೇಜಾರಾದರೆ ಆಗಲಿ, ಅವರ ತಾತ ಅಷ್ಟೇ ನಿಧಾನವಾಗಿ ಪ್ರಯಾಣ ಮಾಡಿದ್ದರು.

ಕೆಲಸದ ನಿಜವಾದ ಕಷ್ಟ ಬೆಸುಗೆಯಲ್ಲಿಲ್ಲ, ಕೇಳುವುದರಲ್ಲಿದೆ. ಶ್ರೀನಿವಾಸಪುರದ ನಿಲ್ದಾಣದಲ್ಲಿ ನೀರಿನ ತೊಟ್ಟಿ ಎಲ್ಲಿತ್ತು? ಮಾವಿನಕಾಯಿ ಬುಟ್ಟಿಗಳನ್ನು ಯಾವ ಕಡೆ ಇಳಿಸುತ್ತಿದ್ದರು? ಬೋಗಿಯ ಬಣ್ಣ ಏನು? ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು? ಆಡಳಿತ ವರದಿಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬಹುದು. ಹಯವದನರಾಯರ ಮೈಸೂರು ಗೆಜೆಟಿಯರ್ ತೆರೆದು ನೋಡಬಹುದು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಹಳಿಯ ತಿರುವುಗಳನ್ನು ಅಳೆಯಬಹುದು. ಆದರೆ ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು ಎಂಬುದನ್ನು ಹೇಳಬಲ್ಲವರು ಆ ರೈಲು ಹತ್ತಿ ಇಳಿದವರು, ಅದರಲ್ಲಿ ದುಡಿದವರು. ಅವರಿಗೆಲ್ಲ ವಯಸ್ಸಾಗಿದೆ. ನಕ್ಷೆ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಕಾಯುತ್ತದೆ, ಅವರು ಕಾಯಲಾರರು. ಈ ಕೆಲಸಕ್ಕೆ ಅವಸರ ಇರುವುದು ಇದೊಂದೇ ಕಾರಣಕ್ಕೆ.

ಸುಮ್ಮನೆ ‘ತಾತಾ, ಹಳೆಯ ಕಾಲದ ರೈಲಿನ ಬಗ್ಗೆ ಹೇಳಿ’ ಎಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಅದೇ ಅರ್ಧ ಕಟ್ಟಿದ ಪ್ಲಾಟ್‌ಫಾರ್ಮ್ ಮುಂದೆ ಕೂರಿಸಿ ಕೇಳಿ. ‘ಏಯ್, ಗೋದಾಮು ಇಲ್ಲಿರಲಿಲ್ಲ, ಆ ಕಡೆ ಇತ್ತು’ ಎಂದು ಬೆರಳು ತೋರಿಸುತ್ತಾರೆ. ತಪ್ಪು ಕಂಡಾಗ ನೆನಪು ತಾನಾಗಿ ಏಳುತ್ತದೆ. ಮಾದರಿಯ ದೊಡ್ಡ ಉಪಯೋಗ ಇದೇ ಎಂದು ನನಗನ್ನಿಸುತ್ತದೆ. ಅದು ಊರಿನ ಹಿರಿಯರಿಗೆ ನಾವು ಕೇಳುವ ಪ್ರಶ್ನೆ.

ನಿಖರತೆ ಎಂದರೆ ಇಂಜಿನ್ನಿನ ನಂಬರು ಸರಿ ಇರುವುದಷ್ಟೇ ಅಲ್ಲ. ಬಂಗಾರಪೇಟೆಯಲ್ಲಿ ಚಿಕ್ಕ ಹಳಿಯೂ ದೊಡ್ಡ ಹಳಿಯೂ ಎದುರಾಗುತ್ತಿದ್ದವು. ಚಿನ್ನದ ಗಣಿಗೆಂದು 1894ರಲ್ಲಿ ಮಾರಿಕುಪ್ಪಂ ಕಡೆಗೆ ಹಾಕಿದ ಹಳಿಯೂ ದೊಡ್ಡದೇ. ಚಿಕ್ಕ ವ್ಯಾಗನ್ನಿನ ಸರಕು ದೊಡ್ಡ ಹಳಿಯ ಮೇಲೆ ಮುಂದೆ ಹೋಗಬೇಕಾದರೆ ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸಲೇಬೇಕು. ಗೇಜ್ ಬದಲಾಗುವ ಪ್ರತಿ ಊರಿನಲ್ಲೂ ಆ ಭಾರ ಹಮಾಲಿಗಳ ಹೆಗಲ ಮೇಲೆ ಬೀಳುತ್ತಿತ್ತು. ಐದೂವರೆ ಅಡಿಯ ಮನುಷ್ಯ ನಮ್ಮ ಅಳತೆಯಲ್ಲಿ 19 ಮಿ.ಮೀ. ಎತ್ತರ. ಹೊಳೆಯುವ ಇಂಜಿನ್ ಇಟ್ಟು ಆ 19 ಮಿಲಿಮೀಟರಿನ ಹಮಾಲಿಯನ್ನು ಬಿಟ್ಟರೆ ಆ ಮಾದರಿಯೂ ತಪ್ಪೇ, ಹಳಿ ಎಷ್ಟೇ ಸರಿಯಿದ್ದರೂ.

ದುಡ್ಡಿನ ಪ್ರಶ್ನೆ ಇದ್ದೇ ಇದೆ. ವಿದೇಶಿ ಇಂಜಿನ್, ವಿದೇಶಿ ಬೋಗಿ ತರಿಸಿಕೊಳ್ಳಲು ಹೋದರೆ ಇದು ಶ್ರೀಮಂತರ ಹವ್ಯಾಸ. ಆದರೆ ಕೋಲಾರದ ರೈಲು ಯಾವ ಅಂಗಡಿಯಲ್ಲೂ ಡಬ್ಬಿಯಲ್ಲಿ ಸಿಗದ ಕಾರಣ ಅದನ್ನು ಕೈಯಲ್ಲೇ ಮಾಡಬೇಕು. ಸಣ್ಣ ಮೋಟಾರು, ತಾಮ್ರದ ಪದರದ ಸರ್ಕ್ಯೂಟ್ ಬೋರ್ಡು, ತಂತಿ, ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ನಾಲ್ಕೈದು ಗೆಳೆಯರು ಸೇರಿದರೆ ಖರ್ಚೂ ಹಂಚಿಹೋಗುತ್ತದೆ, ಕೆಲಸವೂ. ಐಟಿಐ ಓದುವವನಿಗೆ ಲೋಹದ ಕೆಲಸ, ಡಿಪ್ಲೊಮಾ ಹುಡುಗಿಗೆ ನಕ್ಷೆ, ಬಿ.ಎ. ಇತಿಹಾಸದವರಿಗೆ ಪತ್ರಾಗಾರ. ಕೊನೆಯ ವರ್ಷದ ಪ್ರಾಜೆಕ್ಟನ್ನು ರೆಡಿಮೇಡ್ ಕೊಂಡು ತಂದು ಸಲ್ಲಿಸುವ ಕಾಲದಲ್ಲಿ, ಕೊಂಡುತರಲು ಆಗದ ಒಂದು ಪ್ರಾಜೆಕ್ಟ್ ಇದ್ದರೆ ಅದೇ ದೊಡ್ಡ ಲಾಭ.

ಇದು ಹಳೆಯದರ ಮೇಲಿನ ವ್ಯಾಮೋಹ ಎನ್ನುವವರೂ ಇದ್ದಾರೆ. ನ್ಯಾರೋಗೇಜ್ ಮರಳಿ ಬರಲಿ ಎಂದು ಯಾರೂ ಕೇಳುತ್ತಿಲ್ಲ. ಮುಳಬಾಗಿಲಿನ ಗೆಳೆಯರಂತೂ ಈ ಲೇಖನ ಓದಿ ನಕ್ಕಾರು. ಅವರ ಊರಿಗೆ ದೊಡ್ಡ ರೈಲೂ ಇಲ್ಲ, ಚಿಕ್ಕದೂ ಬರಲಿಲ್ಲ. ಆದರೆ ಯಾವ ಊರಿಗೆ ಹಳಿ ಬಂತು, ಯಾವ ಊರನ್ನು ಬಿಟ್ಟುಹೋಯಿತು, ಅದರಿಂದ ಯಾವ ಸಂತೆ ಬೆಳೆಯಿತು ಎಂಬ ಪ್ರಶ್ನೆಗಳೂ ಇದೇ ಮೇಜಿನ ಮೇಲೆ ಏಳುತ್ತವೆ. ನಾಳೆ ಮುಳಬಾಗಿಲಿಗೆ ರೈಲು ಕೇಳುವವರಿಗೆ ನಿನ್ನೆ ಶ್ರೀನಿವಾಸಪುರಕ್ಕೆ ಅದು ಹೇಗೆ ಬಂತು ಎಂದು ಗೊತ್ತಿದ್ದರೆ ನಷ್ಟವೇನಿಲ್ಲ.

ಒಬ್ಬರ ಹಟದಿಂದ ಏನಾಗುತ್ತದೆ ಎನ್ನಬೇಡಿ. ಡಬ್ಲಿನ್ನಿನ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಮಾಡುತ್ತಿದ್ದ ಸಿರಿಲ್ ಫ್ರೈ ತಮ್ಮ ಮನೆಯ ಅಟ್ಟದಲ್ಲಿ ಕಟ್ಟಿದ ಐರಿಷ್ ರೈಲುಗಳು ಇವತ್ತು ಮ್ಯಾಲಹೈಡ್ ಊರಿನ ಸಂಗ್ರಹಾಲಯದಲ್ಲಿವೆ. ಪುಣೆಯ ಕೋಥರೂಡಿನಲ್ಲಿ ಬಿ.ಎಸ್. ಜೋಶಿಯವರ ಹವ್ಯಾಸ 1998ರಲ್ಲಿ ಮಿನಿಯೇಚರ್ ರೈಲು ಸಂಗ್ರಹಾಲಯವೇ ಆಯಿತು. ನಮ್ಮದೇ ಹಳೆಯ ಮಾರ್ಗದ ಆ ತುದಿಯಲ್ಲಿ, ದೇವನಹಳ್ಳಿ, ನಂದಿ ಹಾಲ್ಟ್ ಮುಂತಾದ ನಿಲ್ದಾಣಗಳ ಹಳೆಯ ಕಟ್ಟಡ ಉಳಿಸಲು ಇಂಟ್ಯಾಕ್ ಸಂಸ್ಥೆ ಕೈಹಾಕಿದೆ. ಈ ತುದಿಯ ಕೆಲಸ ನಮ್ಮದು.

ಶುರು ಮಾಡಲು ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ನಿಮ್ಮೂರಿನಲ್ಲಿ ಹಳೆಯ ರೈಲ್ವೆ ಗೋಡೆಯೋ ಸಣ್ಣ ಸೇತುವೆಯೋ ಉಳಿದಿದ್ದರೆ, ಓಡುವ ಹಳಿಯ ಹತ್ತಿರ ಹೋಗದೆ, ಕೇಳಬೇಕಾದವರನ್ನು ಕೇಳಿ, ಅದರ ಉದ್ದಗಲ ಬರೆದುಕೊಳ್ಳಿ. ಸಂಜೆ ಅದನ್ನು 87ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ರಟ್ಟಿನ ಮೇಲೆ ಗುರುತು ಹಾಕಿ, ಕತ್ತರಿಸಿ, ನಿಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಮುಂದೆ ಇಡಿ. ಉಳಿದದ್ದನ್ನು ಅವರು ಹೇಳುತ್ತಾರೆ.