ಬಸ್ಸಿನಲ್ಲಿ ಆರಿದ ಬೀಡಿ ಮೆಟ್ಟಿಲ ಮೇಲೆ ಆರುವುದೆಂದು?

ಕೆಂಪು ಬಸ್ಸಿನಲ್ಲಿ ಓಡಾಡಿದ ಹಳೆಯ ತಲೆಗಳಿಗೆ ನೆನಪಿರಬೇಕು. ಕಿಟಕಿಯ ಮೇಲೆ 'ಧೂಮಪಾನ ಮಾಡಬಾರದು' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಅದರ ಕೆಳಗೇ ಕೂತ ಯಜಮಾನರು ನೆಮ್ಮದಿಯಾಗಿ ಬೀಡಿ ಹಚ್ಚುತ್ತಿದ್ದರು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಮಗುವಿನ ಮುಖವನ್ನು ಆಚೆಗೆ ತಿರುಗಿಸುತ್ತಿದ್ದಳು. ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇವತ್ತು ಅದೇ ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚಲಿ ನೋಡೋಣ! ಕಂಡಕ್ಟರು ಸೀಟಿ ಊದಿ, 'ಏನ್ರೀ ಸ್ವಾಮಿ, ಆರಿಸ್ತೀರೋ, ಇಳೀತೀರೋ?' ಅಂತಾನೆ. ಅರ್ಧ ಬಸ್ಸು ಅವನ ಬೆನ್ನಿಗೆ ನಿಲ್ಲುತ್ತದೆ. ಬರೆದ ಅಕ್ಷರ ಅಂದೂ ಅದೇ, ಇಂದೂ ಅದೇ. ಅದನ್ನು ಬಾಯಿಬಿಟ್ಟು ಹೇಳುವವನೊಬ್ಬ ಈಗ ಇದ್ದಾನೆ, ಹೇಳಿದರೆ ತನಗೇನೂ ಆಗುವುದಿಲ್ಲ ಎಂಬ ಧೈರ್ಯ ಅವನಿಗಿದೆ.

ಸರಿ, ಬಸ್ಸಿಳಿದ ಆ ಹೆಂಗಸು ಮನೆಗೆ ಹೋಗುತ್ತಾಳೆ. ಮನೆ ಸರ್ಕಾರ ಕಟ್ಟಿಸಿದ್ದು, ಮೂರು ಮಹಡಿಯ ಕಟ್ಟಡದಲ್ಲಿ ಎರಡನೆಯ ಮಹಡಿ. ಮೆಟ್ಟಿಲಿನ ಬಲ್ಬು ಕೆಟ್ಟು ಎಷ್ಟು ಕಾಲವಾಯಿತೋ! ಆ ಕತ್ತಲಲ್ಲಿ ಮೂರು ಕೆಂಪು ಚುಕ್ಕಿ ಮಿಣುಕುತ್ತವೆ. ಕೂತು ಸೇದುವವರು ಪರಕೀಯರಲ್ಲ, ಪಕ್ಕದ ಮನೆಯ ಮಾವ, ಮೇಲಿನ ಮನೆಯ ಹುಡುಗ, ಅವನ ಗೆಳೆಯ. ಹೊಗೆ ಮೆಟ್ಟಿಲ ಬಾವಿಯಲ್ಲಿ ಮೇಲೇರಿ ಬಾಗಿಲ ಸಂದಿಯಲ್ಲಿ ಒಳಗೆ ಬರುತ್ತದೆ, ಒಳಗೆ ಅತ್ತೆಗೆ ದಮ್ಮು, ಮಗುವಿಗೆ ಕೆಮ್ಮು. ಇಲ್ಲಿ ಕಂಡಕ್ಟರು ಯಾರು?

ಕಾನೂನಿನ ಮಾತು ಕೇಳಿ. 2003ರ ತಂಬಾಕು ನಿಯಂತ್ರಣ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಅದರ ಕಟ್ಟುನಿಟ್ಟಿನ ನಿಯಮಗಳು ಜಾರಿಗೆ ಬಂದವು. ಸಿನಿಮಾ ಮಂದಿರ, ಹೋಟೆಲು, ಆಸ್ಪತ್ರೆ, ಕಚೇರಿ, ಬಸ್ ನಿಲ್ದಾಣ ಎಲ್ಲವನ್ನೂ ಹೆಸರೆತ್ತಿ ಹೇಳಲಾಯಿತು. ವಸತಿ ಕಟ್ಟಡದ ಮೆಟ್ಟಿಲನ್ನು ಮಾತ್ರ ಯಾರೂ ಹೆಸರೆತ್ತಿ ಹೇಳಲಿಲ್ಲ. ಮನೆಯ ಒಳಗಂತೂ ಕಾಯಿದೆ ಕಾಲೇ ಇಡುವುದಿಲ್ಲ. ಕರ್ನಾಟಕ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ತಿದ್ದುಪಡಿ 200 ರೂಪಾಯಿಯ ದಂಡವನ್ನು 1000ಕ್ಕೆ ಏರಿಸಿತು, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ತಂದಿತು, ಹುಕ್ಕಾ ಬಾರುಗಳಿಗೆ ಬೀಗ ಹಾಕಿತು. ಅಂಗಡಿಯವರಿಗೆ ಇದೆಲ್ಲ ಬಾಯಿಪಾಠ. ಮೆಟ್ಟಿಲಿಗೆ ಅದರಿಂದಲೂ ಏನೂ ಬರಲಿಲ್ಲ.

ಹೊಗೆ ಹೆಚ್ಚು ಹೊಡೆಯುವುದು ಎಲ್ಲಿ ಅಂತೀರಿ? 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಲೆಕ್ಕ ಹೀಗಿದೆ: ಮನೆಯಲ್ಲಿ ಪರರ ಹೊಗೆ ಕುಡಿಯುವವರು ನೂರಕ್ಕೆ 38.7 ಮಂದಿ, ಕೆಲಸದ ಜಾಗದಲ್ಲಿ 30.2. ಕಾಯಿದೆ ಕಾಯುವುದು ಕಚೇರಿಯನ್ನು, ಹೊಗೆ ತುಂಬಿರುವುದು ಮನೆಯಲ್ಲಿ!

ಸರ್ಕಾರಿ ಮನೆಗಳಲ್ಲಿ ಇದನ್ನು ತಡೆಯಲು ಹೊರಟು, ದೊಡ್ಡ ಪ್ರಮಾಣದಲ್ಲಿ ಕೈ ಸುಟ್ಟುಕೊಂಡೂ ಒಂದಿಷ್ಟು ಪಾಠ ಕಲಿತ ದೇಶವೊಂದಿದೆ. ಅದು ಅಮೆರಿಕ. ಅಲ್ಲಿ ಎಲ್ಲರೂ ಬಂಗಲೆಯಲ್ಲಿದ್ದಾರೆ ಎಂದು ತಿಳಿದವರಿಗೆ ಒಂದು ಮಾತು: ಬಡವರಿಗೆ, ಮುದುಕರಿಗೆ, ಅಂಗವಿಕಲರಿಗೆ ಕಡಿಮೆ ಬಾಡಿಗೆಗೆ ಕೊಡುವ ಸರ್ಕಾರಿ ಮನೆಗಳು ಅಲ್ಲಿ ಹತ್ತು ಲಕ್ಷದ ಆಸುಪಾಸು ಇವೆ. ನ್ಯೂಯಾರ್ಕಿನಲ್ಲಂತೂ ಇವು ಹತ್ತಿಪ್ಪತ್ತು ಮಹಡಿಯ ಇಟ್ಟಿಗೆಯ ಗೋಪುರಗಳು.

ಅಲ್ಲಿನ ವಸತಿ ಇಲಾಖೆ 2009ರಿಂದ 'ಇಷ್ಟವಿದ್ದವರು ಮಾಡಿ' ಎಂದು ಉಪದೇಶ ಹೇಳಿಕೊಂಡು ಬಂತು. ಬಾಸ್ಟನ್ 2012ರಲ್ಲಿ, ಫಿಲಡೆಲ್ಫಿಯಾ 2015ರಲ್ಲಿ ತಾವಾಗಿಯೇ ಮುಂದೆ ಬಂದವು. ಹೀಗೆ 2,28,000 ಮನೆ ಹೊಗೆ ಬಿಟ್ಟವು. ಉಪದೇಶದಿಂದ ಅಷ್ಟೇ. 2016ರ ಡಿಸೆಂಬರಿನಲ್ಲಿ ಅಪ್ಪಣೆಯೇ ಹೊರಟಿತು: 2018ರ ಜುಲೈ ಕೊನೆಯೊಳಗೆ 9,40,000 ಮನೆಗಳಲ್ಲಿಯೂ ಸಿಗರೇಟು, ಚುಟ್ಟ, ಪೈಪು, ಹುಕ್ಕಾ ಯಾವುದನ್ನೂ ಹಚ್ಚಬಾರದು. ಮನೆಯೊಳಗೆ, ಮೊಗಸಾಲೆಯಲ್ಲಿ, ಮೆಟ್ಟಿಲಲ್ಲಿ, ಕಟ್ಟಡದಿಂದ 25 ಅಡಿಯೊಳಗೆ ಎಲ್ಲಿಯೂ ಇಲ್ಲ. ಸೇದುವವನಿಗೆ ಮನೆ ಕೊಡುವುದಿಲ್ಲ ಎಂದಲ್ಲ. ಕೊಡುತ್ತಾರೆ, ಸೇದಬೇಕಾದರೆ ಇಳಿದು ಹೋಗಬೇಕು, ಅಷ್ಟೆ. ಈ ಷರತ್ತನ್ನು ಪ್ರತಿ ಬಾಡಿಗೆ ಕರಾರಿಗೂ ಸೇರಿಸಿದರು.

ಕಾರಣ ಸುಳ್ಳಲ್ಲ. ಬಹುಮಹಡಿ ಕಟ್ಟಡದಲ್ಲಿ ಹೊಗೆಗೆ ಗೋಡೆಯಿಲ್ಲ. ನೀರಿನ ಕೊಳವೆಯ ಸಂದಿ, ತಂತಿಯ ತೂತು, ಬಾಗಿಲ ಕೆಳಗಿನ ಬೆಳಕು ಬರುವಷ್ಟು ಜಾಗ, ಎಲ್ಲವೂ ಅದಕ್ಕೆ ದಾರಿಯೇ. ಪರರ ಹೊಗೆಯಲ್ಲಿ 'ಇಷ್ಟಾದರೆ ಅಪಾಯವಿಲ್ಲ' ಎನ್ನುವ ಪ್ರಮಾಣವೇ ಇಲ್ಲ ಎಂದು ಅಲ್ಲಿನ ಸರ್ಜನ್ ಜನರಲ್ 2006ರಲ್ಲೇ ವರದಿ ಕೊಟ್ಟಿದ್ದರು. ದುಡ್ಡಿನ ಲೆಕ್ಕವೂ ಇತ್ತು. ಸರ್ಕಾರಿ ಮನೆಗಳಲ್ಲಿ ಸೇದುವುದು ನಿಂತರೆ ವರ್ಷಕ್ಕೆ 15 ಕೋಟಿ 30 ಲಕ್ಷ ಡಾಲರ್ ಉಳಿತಾಯ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು 2014ರಲ್ಲಿ ಅಂದಾಜು ಮಾಡಿದ್ದರು. ಅದರಲ್ಲಿ ಔಷಧೋಪಚಾರದ್ದು 9 ಕೋಟಿ 40 ಲಕ್ಷ, ಹೊಗೆ ಹಿಡಿದ ಮನೆಗೆ ಮತ್ತೆ ಬಣ್ಣ ಹೊಡೆದು ದುರಸ್ತಿ ಮಾಡುವ ಖರ್ಚು 4 ಕೋಟಿ 30 ಲಕ್ಷ, ಮಿಕ್ಕದ್ದು ಬೆಂಕಿ ಅನಾಹುತದ್ದು.

ಹಾಗಾದರೆ ಆಯಿತೇ?

ನ್ಯೂಯಾರ್ಕಿನ ಸಂಶೋಧಕರು ಜಾಣರು. ಕಾಗದ ನೋಡಿ ನಂಬಲಿಲ್ಲ. ಅಪ್ಪಣೆ ಜಾರಿಯಾಗುವ ಮೊದಲೇ ಸೇದದವರ ಮನೆಗಳಲ್ಲಿ, ಮೊಗಸಾಲೆಯಲ್ಲಿ, ಮೆಟ್ಟಿಲಲ್ಲಿ ಗಾಳಿಯ ನಿಕೋಟಿನ್ ಅಳೆಯುವ ಸಣ್ಣ ಸಾಧನ ತೂಗುಹಾಕಿದರು. ಒಂದು ವರ್ಷ ಕಳೆದ ಮೇಲೂ ಅಳೆದರು. ಅಪ್ಪಣೆ ಅನ್ವಯಿಸದ ಬೇರೆ ಬಡವರ ಕಟ್ಟಡಗಳೊಡನೆ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಒಂದು ವರ್ಷದಲ್ಲಿ ಅಪ್ಪಣೆಯಿಂದ ಹೊಗೆ ಕಡಿಮೆಯಾದ ಸುಳಿವಿರಲಿಲ್ಲ. ಬೋರ್ಡು ಬಂದಿತ್ತು, ಕರಾರು ತಿದ್ದಿತ್ತು, ಹೊಗೆ ತನ್ನ ಪಾಡಿಗೆ ತಾನಿತ್ತು. ಫಿಲಡೆಲ್ಫಿಯಾದಲ್ಲಿ ಮಾತ್ರ, ತಾನಾಗಿ ಮುಂದೆ ಬಂದ ಊರಲ್ಲಿ, ಗಾಳಿಯ ನಿಕೋಟಿನ್ ಇಳಿದಿತ್ತು.

ನ್ಯೂಯಾರ್ಕಿನಲ್ಲಿ ಏಕೆ ಹೀಗಾಯಿತು? ಆ ಕಾಲದ ಅಲ್ಲಿನ ಸರ್ಕಾರಿ ಮನೆಗಳ ಸ್ಥಿತಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅಪ್ಪಣೆ ಜಾರಿಯಾಗುವುದಕ್ಕೆ ಮುಂಚಿನ ಚಳಿಗಾಲದಲ್ಲಿ, ಹಿಮ ಬೀಳುವ ಊರಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ನಿವಾಸಿಗಳಿಗೆ ಒಂದಲ್ಲ ಒಂದು ಹೊತ್ತು ಮನೆ ಬಿಸಿ ಮಾಡುವ ವ್ಯವಸ್ಥೆಯೋ ಬಿಸಿನೀರೋ ಕೈಕೊಟ್ಟಿತ್ತು. ಗೋಡೆಯಲ್ಲಿ ಬೂಷ್ಟು, ಹಳೆಯ ಬಣ್ಣದಲ್ಲಿ ಸೀಸ, ಕೆಟ್ಟ ಲಿಫ್ಟು. ಕೊನೆಗೆ 2019ರ ಜನವರಿಯಲ್ಲಿ ಕೇಂದ್ರದ ಮೇಲ್ವಿಚಾರಕರೊಬ್ಬರನ್ನು ಒಪ್ಪಿಕೊಂಡು ಆ ಸಂಸ್ಥೆ ಕರಾರಿಗೆ ಸಹಿ ಹಾಕಬೇಕಾಯಿತು. ಇಂಥ ಮನೆಯ ಹದಿನಾಲ್ಕನೆಯ ಮಹಡಿಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬಳಿದ್ದಾಳೆ ಅಂತಿಟ್ಟುಕೊಳ್ಳಿ. ಐವತ್ತು ವರ್ಷದಿಂದ ಸೇದುವವಳು. 'ಅಜ್ಜೀ, ಕೆಳಗಿಳಿದು 25 ಅಡಿ ಆಚೆ ಹೋಗಿ ಸೇದು' ಅಂದರೆ ಅವಳು ಏನನ್ನಬೇಕು? 'ಮೊದಲು ಲಿಫ್ಟು ಮಾಡಿಸಪ್ಪಾ' ಅನ್ನದೆ ಬಿಟ್ಟಾಳೆಯೇ? ತನ್ನ ಪಾಲಿನ ಕರಾರು ಮುರಿದ ಮನೆಯೊಡೆಯ ಬಾಡಿಗೆದಾರನ ಪಾಲನ್ನು ಕೇಳಲು ಬಂದರೆ ನಗುವವರೇ ಹೆಚ್ಚು.

ಇನ್ನರ್ಧ ಉತ್ತರ ಬೇರೆ. ದೂರು ಕೊಡಬೇಕಾದವರು ನೆರೆಯವರು. ದೂರು ಕೊಟ್ಟರೆ ತಪ್ಪಿತಸ್ಥನಿಗೆ ಎಚ್ಚರಿಕೆ, ಮತ್ತೆ ಎಚ್ಚರಿಕೆ, ಎಲ್ಲ ಮುಗಿದ ಮೇಲೆ ಮನೆ ಖಾಲಿ ಮಾಡಿಸುವ ದಾರಿಯೂ ತೆರೆದಿದೆ. ಹೊಗೆಗೆ ಸಿಟ್ಟಾಗುವ ಹೆಂಗಸು ಕೂಡ, ಎದುರು ಮನೆಯ ಸಂಸಾರ ಬೀದಿಗೆ ಬೀಳಲಿ ಎಂದು ಬಯಸುವುದಿಲ್ಲ. ಬಯಸುವವಳಿಗೂ ನಾಳೆ ಅದೇ ಮೆಟ್ಟಿಲು ಹತ್ತಬೇಕಲ್ಲ ಎಂಬ ಅಂಜಿಕೆ. ಶಿಕ್ಷೆ ಭಾರವಾದಷ್ಟೂ ದೂರು ಹಗುರವಾಗುತ್ತದೆ. ಕಂಡಕ್ಟರಿಗೆ ಈ ತಾಪತ್ರಯವಿಲ್ಲ. ಅವನು ಹೇಳುವುದು 'ಆರಿಸು' ಎಂದಷ್ಟೇ. ಸೇದುವವನ ಮನೆ ಮಠ ಕಿತ್ತುಕೊಳ್ಳುವ ಮಾತು ಅಲ್ಲಿ ಬರುವುದೇ ಇಲ್ಲ.

ಸೇದುವವರ ಸಂಘವೊಂದು ನ್ಯಾಯಾಲಯಕ್ಕೂ ಹೋಯಿತು. ಮನೆಯೊಳಗೆ ಕೈಹಾಕಲು ಸರ್ಕಾರ ಯಾರು ಎಂಬುದು ವಾದ. 2022ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ಕಾನೂನಿನಲ್ಲಿ ಸೋತರೂ ಈ ಜಗಳದಲ್ಲಿ ಒಂದು ಮುಳ್ಳು ಉಳಿದೇ ಇದೆ. ಸರ್ಕಾರಿ ಮನೆಯ ಬಡವನಿಗೆ ಈ ಅಪ್ಪಣೆ, ಖಾಸಗಿ ಮಹಡಿಮನೆಯ ಸಾಹುಕಾರನಿಗೆ ಇಲ್ಲ. ಬಾಡಿಗೆಗೆ ಸರ್ಕಾರ ಚೀಟಿ ಕೊಟ್ಟು ಖಾಸಗಿಯವರ ಮನೆಯಲ್ಲಿರಿಸಿದವರಿಗೂ ಇಲ್ಲ. ಬಡವನ ಬಾಗಿಲು ಮಾತ್ರ ಸರ್ಕಾರದ ಕೈಗೆ ಎಟುಕುವಷ್ಟು ತಗ್ಗಿನಲ್ಲಿದೆಯೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೋಡೆಯಾಚೆ ಮಲಗಿದ ಉಬ್ಬಸದ ಮಗುವೂ ಬಡವನದೇ. ಸಾಹುಕಾರ ಹೊಗೆ ಬಂದರೆ ಮನೆ ಬದಲಾಯಿಸಿಯಾನು. ಈ ಮಗುವಿನ ಅಪ್ಪ ಎಲ್ಲಿಗೆ ಹೋದಾನು?

ಈ ಊರಿನ ಮಾತಿಗೆ ಬರುವುದಾದರೆ, ಅಮೆರಿಕದ ಅಸ್ತ್ರ ಇಲ್ಲಿ ಹಾಗೇ ನಡೆಯುವುದಿಲ್ಲ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗೆ ಹಕ್ಕುಪತ್ರ ಕೈಗೆ ಬಂದವನಿಗೆ ಬಾಡಿಗೆ ಕರಾರಿನ ಹೆದರಿಕೆ ಹಾಕಲಾಗದು. ಹಾಕಬಾರದು ಕೂಡ. ಪೊಲೀಸ್ ಕ್ವಾರ್ಟರ್ಸು, ಸಾರಿಗೆ ನೌಕರರ ಕ್ವಾರ್ಟರ್ಸುಗಳಲ್ಲಿ ಇಲಾಖೆಯ ಸುತ್ತೋಲೆ ಸಾಕು, ಆದರೆ ಅದನ್ನು ಜಾರಿ ಮಾಡುವ ಸಾಹೇಬರೇ ಕೈಯಲ್ಲಿ ಸಿಗರೇಟು ಹಿಡಿದು ಸಹಿ ಹಾಕಿದರೆ ಫಲವೇನು?

ಇಲ್ಲಿ ಮನೆಯ ಒಳಕ್ಕೆ ಹೋಗುವ ಮೊದಲು ಮೆಟ್ಟಿಲನ್ನು ಹಿಡಿಯಬೇಕು. ಮೆಟ್ಟಿಲು ಯಾರಪ್ಪನ ಸ್ವತ್ತೂ ಅಲ್ಲ, ಎಲ್ಲರದು. ಅಲ್ಲಿ ಬಲ್ಬು ಉರಿಯಲಿ, ಕತ್ತಲಲ್ಲಿ ಕೂರುವ ಕೂಟ ಅರ್ಧ ಎದ್ದು ಹೋಗುತ್ತದೆ. ಕಟ್ಟಡದಿಂದ ಒಂದಿಷ್ಟು ದೂರದಲ್ಲಿ, ಮರದ ಕೆಳಗೋ ನೀರಿನ ಟ್ಯಾಂಕಿನ ಆಚೆಗೋ, ಒಂದು ಕಲ್ಲುಬೆಂಚು ಹಾಕಿದರೆ ಸೇದುವವರಿಗೂ ಒಂದು ಜಾಗವಾಯಿತು. ದಿನವಿಡೀ ಮೂಟೆ ಹೊತ್ತು ಬಂದವನಿಗೆ 'ಸೇದಬೇಡ, ಕೂರಬೇಡ, ನಿಲ್ಲಬೇಡ' ಎಂದು ಬೇಡಗಳನ್ನೇ ಹೇಳಿದರೆ ಅವನು ಮೊದಲು ಹರಿದು ಹಾಕುವುದು ಬೋರ್ಡನ್ನೇ.

ಬಿಡಬೇಕೆಂದು ಮನಸ್ಸಿದ್ದು ಬಿಡಲಾಗದವರು ಬಹಳ ಮಂದಿ. ಅವರಿಗೆ ದಾರಿ ದೂರವಿಲ್ಲ. 1800-11-2356, ಕಾಸು ಖರ್ಚಿಲ್ಲದ ಫೋನು. 2018ರ ಸೆಪ್ಟೆಂಬರಿನಿಂದ ಸಿಗರೇಟು ಪ್ಯಾಕಿನ ಮೇಲೆ, ಬೀಡಿ ಕಟ್ಟಿನ ಮೇಲೆ ಈ ನಂಬರು ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲೂ ಇದರ ಕೇಂದ್ರವಿದೆ. ತಮಾಷೆಯೆಂದರೆ, ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪ್ಯಾಕೇ ಬರುವುದಿಲ್ಲ, ನಂಬರು ಅಂಗಡಿಯ ಡಬ್ಬದಲ್ಲೇ ಉಳಿಯುತ್ತದೆ. ಬೀಡಾ ಅಂಗಡಿಯ ಕಂಬಕ್ಕೆ ಬೆಂಕಿ ಹಚ್ಚಿದ ಹಗ್ಗ ಕಟ್ಟುವವರು ಪಕ್ಕದಲ್ಲಿ ಆ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಬಹುದು. ವ್ಯಾಪಾರ ಹೋಗುತ್ತದೆ ಎಂಬ ಚಿಂತೆ ಬೇಡ. ಸೇದುವುದು ಬಿಟ್ಟವನು ಕಾಫಿ ಪುಡಿ, ಸೋಪು ಕೊಳ್ಳುವುದನ್ನೇನೂ ಬಿಡುವುದಿಲ್ಲ.

ಕೊನೆಯದಾಗಿ ಬೋರ್ಡಿನ ವಿಚಾರ. 2008ರ ನಿಯಮ ಬೋರ್ಡಿನ ಅಳತೆಯನ್ನೂ ಹೇಳಿದೆ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕೋ ಅವರ ಹೆಸರನ್ನೂ ಎದ್ದು ಕಾಣುವಂತೆ ಹಾಕಬೇಕು ಎಂದಿದೆ. ಊರಿನ ಹೋಟೆಲು, ಕಚೇರಿ, ನಿಲ್ದಾಣಗಳಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಅಡ್ಡಗೆರೆ ಎಳೆದ ಸಿಗರೇಟಿನ ಚಿತ್ರ ಕಾಣುತ್ತದೆ, 'ಇಲ್ಲಿ ಧೂಮಪಾನ ಅಪರಾಧ' ಎಂಬ ಸಾಲು ಕಾಣುತ್ತದೆ. ಅದರ ಕೆಳಗೆ ಹೆಸರು ಬರೆಯಲು ಬಿಟ್ಟ ಜಾಗದಲ್ಲಿ ಎಷ್ಟು ಕಡೆ ಹೆಸರಿದೆ, ಎಷ್ಟು ಕಡೆ ಖಾಲಿ ಗೆರೆಯಿದೆ ಎಂಬುದನ್ನು ಎಣಿಸಲು ಒಂದು ಬಸ್ಸು ಬರುವಷ್ಟು ಹೊತ್ತು ಸಾಕು.