ಬೈಕಿನ ದೋಷವೋ, ವಿವರಣೆಯ ದೋಷವೋ?

ಚೆನ್ನೈನಿಂದ ಬೆಂಗಳೂರಿಗೆ ಹೊರಟ ಬಸ್ಸು ಶ್ರೀಪೆರಂಬದೂರನ್ನು ಮುಟ್ಟುವ ಮೊದಲು ಇರುಂಗಾಟ್ಟುಕೋಟೈಯನ್ನು ಹಾದುಹೋಗುತ್ತದೆ. ಊರು ಸೇರುವ ಆತುರದಲ್ಲಿ ನಮ್ಮಲ್ಲಿ ಹೆಚ್ಚಿನವರು ಅದನ್ನು ಗಮನಿಸಿರಲಾರರು. ಸುಮಾರು 3.7 ಕಿಲೋಮೀಟರ್ ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕೊಂದು 1990ರಿಂದ ಅಲ್ಲಿದೆ. ಸ್ಪರ್ಧೆಗಳಿಲ್ಲದಾಗ ಏರ್ಪಡುವ ತರಬೇತಿ ದಿನಗಳಲ್ಲಿ ಶುಲ್ಕ ತೆತ್ತು ನನ್ನಂಥ ಸಾಮಾನ್ಯ ಸವಾರರೂ ಓಡಿಸಬಹುದು. ಕೆಲವು ವರ್ಷಗಳಿಂದ ಅಲ್ಲಿಗೆ ಹೋಗಿಬರುತ್ತಿರುವ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಸಸ್ಪೆನ್ಶನ್ ಸರಿಯಿಲ್ಲವೆಂದು ನಾವು ದೂರುವ ತೊಂದರೆಗಳಲ್ಲಿ ಬಹುಪಾಲು ಹಣದ ಕೊರತೆಯಿಂದ ಉಳಿದವಲ್ಲ. ಆಗುತ್ತಿರುವುದನ್ನು ಸರಿಯಾಗಿ ಹೇಳಲು ಬಾರದೆ ಉಳಿದವು.

ನನ್ನದೇ ಉದಾಹರಣೆ ಕೊಡುತ್ತೇನೆ. ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ತಿರುಗಿಸಿದೊಡನೆ ನನ್ನ ಬೈಕು ಹಿಡಿದ ದಾರಿ ಬಿಟ್ಟು ಟ್ರ್ಯಾಕಿನ ಹೊರಅಂಚಿಗೆ ಸರಿಯುತ್ತಿತ್ತು. ಒಮ್ಮೆ ಚಕ್ರಗಳು ಅಂಚು ದಾಟಿ ಮಣ್ಣಿಗಿಳಿದವು. ಬೀಳದೆ ಉಳಿದದ್ದು ಪುಣ್ಯ. ದೋಷ ಮುಂಭಾಗದ್ದೇ ಎಂದು ತೀರ್ಮಾನಿಸಿ ಒಂದೇ ಸಂಜೆ ಫೋರ್ಕಿಗೆ ದಪ್ಪ ಎಣ್ಣೆ ಹಾಕಿಸಿದೆ, ಎರಡೂ ಟೈರುಗಳ ಗಾಳಿ ಇಳಿಸಿದೆ, ಹ್ಯಾಂಡಲನ್ನೂ ತುಸು ತಗ್ಗಿಸಿದೆ. ಮುಂದಿನ ಸಲ ಹಳೆಯ ತೊಂದರೆ ಹಾಗೆಯೇ ಇತ್ತು. ಜೊತೆಗೆ ಬ್ರೇಕ್ ಹಿಡಿದಾಗ ಮುಂಚಕ್ರ ನಡುಗತೊಡಗಿತು. ಮೂರರಲ್ಲಿ ಯಾವುದರ ಫಲ ಇದೆಂದು ಹೇಳುವವರಿರಲಿಲ್ಲ. ವಿದೇಶಿ ಶಾಕ್ ಅಬ್ಸಾರ್ಬರ್ ಹಾಕಿಸು ಎಂದರು ಗೆಳೆಯರು. ಅದರ ಬೆಲೆ ಬೈಕಿನ ಬೆಲೆಯ ಮೂರನೆಯ ಒಂದು ಪಾಲು.

ಕೊಳ್ಳುವ ಮುನ್ನ ಪುದುಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಬೈಕನ್ನು ಮುಟ್ಟಲೇ ಇಲ್ಲ. ಬ್ರೇಕ್ ಹಿಡಿದಾಗಲೋ, ತಿರುವಿನ ನಡುವಿನಲ್ಲೋ, ಆಕ್ಸಿಲರೇಟರ್ ಕೊಟ್ಟಾಗಲೋ? ಎಲ್ಲ ತಿರುವುಗಳಲ್ಲೋ, ಒಂದೆರಡರಲ್ಲೋ? ಮೊದಲ ಸುತ್ತಿನಿಂದಲೋ, ಟೈರು ಬಿಸಿಯಾದ ಮೇಲೋ? ನನ್ನಲ್ಲಿ ಉತ್ತರವಿರಲಿಲ್ಲ. "ಮೊದಲು ಇದನ್ನು ತಿಳಿದುಕೊಂಡು ಬಾರಪ್ಪಾ, ಸ್ಪ್ಯಾನರ್ ಆಮೇಲೆ" ಎಂದು ತಮಿಳಿನಲ್ಲೇ ನಕ್ಕು ಕಳಿಸಿದರು.

ನಾಚಿಕೆಯಾಯಿತು, ಆದರೆ ಪಾಠ ಹತ್ತಿತು. ಫೋರ್ಕಿಗೆ ಮೊದಲಿನ ಎಣ್ಣೆಯನ್ನೇ ಹಾಕಿಸಿ, ಗಾಳಿ, ಹ್ಯಾಂಡಲುಗಳನ್ನು ಮೊದಲಿನ ಸ್ಥಿತಿಗೆ ತಂದೆ. ನಂತರ ಪ್ರತಿ ಸರದಿ ಮುಗಿದೊಡನೆ, ನೀರು ಕುಡಿಯುವ ಮೊದಲೇ, ಅನಿಸಿದ್ದನ್ನು ಪುಸ್ತಕದಲ್ಲಿ ಬರೆದೆ. ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು ಆಡುವ ನನಗೆ ಮೈಗಾದ ಅನುಭವಕ್ಕೆ ಒದಗಿದ್ದು ಕನ್ನಡವೇ. ಬ್ರೇಕಿಗೆ ಮುಗ್ಗರಿಸುತ್ತದೆ, ತಿರುವಿನ ನಡುವೆ ತೊಟ್ಟಿಲಿನಂತೆ ತೂಗುತ್ತದೆ, ಹೊರಬರುವಾಗ ಹಿಂಭಾಗ ಕುಕ್ಕರಿಸುತ್ತದೆ, ಮುಂಭಾಗ ಹಗುರಾಗುತ್ತದೆ. 'ಕುಕ್ಕರಿಸುತ್ತದೆ' ಎಂದು ಬರೆದಾಗಲೇ ನನಗೆ ಬೆಳಕು ಕಂಡಿತು. ರೋಗ ಹಿಂದೆ, ಲಕ್ಷಣ ಮುಂದೆ! ಹಿಂಭಾಗ ಅತಿಯಾಗಿ ಕುಸಿದರೆ ಭಾರ ಹಿಂದಕ್ಕೆ ವಾಲಿ ಮುಂಚಕ್ರದ ಹಿಡಿತ ತಗ್ಗುತ್ತದೆ. ಫೋರ್ಕಿನ ಓರೆ ಹೆಚ್ಚಿ ಬೈಕು ತಿರುಗಲು ಒಲ್ಲೆನ್ನುತ್ತದೆ.

ಮೆಕ್ಯಾನಿಕ್ ಅಳತೆಪಟ್ಟಿ ತೆಗೆದರು. ಹಿಂಚಕ್ರವನ್ನು ನೆಲದಿಂದೆತ್ತಿ, ಅದರ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದರು. ಹೆಲ್ಮೆಟ್, ಬೂಟು, ಚರ್ಮದ ಉಡುಪು ತೊಟ್ಟು ನಾನು ಕುಳಿತ ಮೇಲೆ ಮತ್ತೆ ಅಳೆದರು. ಈ ಎರಡರ ಅಂತರವೇ ಸ್ಯಾಗ್. ಟ್ರ್ಯಾಕ್ ಸವಾರಿಗೆ ಅದು ಚಕ್ರದ ಒಟ್ಟು ಚಲನೆಯ ಶೇ. 25ರಿಂದ 30ರಷ್ಟಿರಬೇಕೆಂಬುದು ಸಾಮಾನ್ಯ ಲೆಕ್ಕ. 120 ಮಿಲಿಮೀಟರ್ ಚಲನೆಯ ನನ್ನ ಬೈಕಿನಲ್ಲಿ ಅದು 47 ಇತ್ತು. ಪ್ರೀಲೋಡನ್ನು ಮೂರು ಹಲ್ಲು ಬಿಗಿ ಮಾಡಿದಾಗ 35ಕ್ಕೆ ಬಂತು. ಹತ್ತು ನಿಮಿಷದ ಕೆಲಸ, ಬಿಡಿಭಾಗದ ಖರ್ಚಿಲ್ಲ. ಮುಂದಿನ ಸಲ ಅಂಚಿಗೆ ಸರಿಯುವುದು ಬಹುಮಟ್ಟಿಗೆ ನಿಂತಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕು ನಿಲ್ಲುವ ಎತ್ತರವಷ್ಟೇ ಬದಲಾಗುತ್ತದೆ. ಎಷ್ಟು ಬಿಗಿ ಮಾಡಿದರೂ ಅಳತೆ ಕೂಡದಿದ್ದರೆ ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗೇ ಬೇಕು. ದುಬಾರಿ ಶಾಕ್ ಅಬ್ಸಾರ್ಬರಿಗೂ ಈ ಮಾತು ಅನ್ವಯಿಸುತ್ತದೆ. ಹಾಗೆಯೇ ರಿಬೌಂಡ್ ಡ್ಯಾಂಪಿಂಗ್ ಕಡಿಮೆಯಾದರೆ ಉಬ್ಬು ದಾಟಿದ ಮೇಲೂ ಬೈಕು ಕುಣಿಯುತ್ತಿರುತ್ತದೆ. ಹೆಚ್ಚಾದರೆ ಮುಂದಿನ ಉಬ್ಬು ಬರುವ ಮೊದಲು ಚೇತರಿಸಿಕೊಳ್ಳಲಾರದೆ ಕುಗ್ಗುತ್ತಲೇ ಹೋಗುತ್ತದೆ. ಆಗ ಸವಾರನಿಗೆ ಸ್ಪ್ರಿಂಗ್ ಗಟ್ಟಿಯೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಕ್ರಮ ಮುಖ್ಯ. ಮೊದಲು ಟೈರಿನ ಗಾಳಿ, ಹ್ಯಾಂಡಲ್ ಬೇರಿಂಗ್, ಸ್ವಿಂಗ್ ಆರ್ಮ್, ಚೈನು, ಆಮೇಲೆ ಸ್ಯಾಗ್, ಕೊನೆಗೆ ಡ್ಯಾಂಪಿಂಗ್. ಒಮ್ಮೆಗೆ ಒಂದೇ ಬದಲಾವಣೆ.

ಒಳ್ಳೆಯ ಸವಾರ ಯಾವ ಬೈಕನ್ನಾದರೂ ಓಡಿಸಬಲ್ಲ, ಮೊದಲು ಸವಾರಿ ಕಲಿಯಲಿ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವ, ಆಕ್ಸಿಲರೇಟರನ್ನು ಥಟ್ಟನೆ ತಿರುಗಿಸುವ ಸವಾರ ತಾನೇ ಬೈಕನ್ನು ಕೆಡಿಸುತ್ತಾನೆ. ಆದರೆ ಯಂತ್ರದ ದೋಷವನ್ನು ನುರಿತವನು ಕೈಚಳಕದಿಂದ ಮುಚ್ಚಿಯಾನು. ಹೊಸಬನಿಗೆ ಆ ಶಕ್ತಿಯಿಲ್ಲ. ಎಲ್ಲ ತಪ್ಪನ್ನೂ ತನ್ನ ಮೇಲೆ ಹೊತ್ತು, ಧೈರ್ಯ ಸಾಲದೆಂದುಕೊಂಡು, ಅವನು ಇನ್ನಷ್ಟು ವಾಲಲು ಹೋಗುತ್ತಾನೆ. ಮುರಿಯುವುದು ಅವನ ಮೂಳೆ. ತಪ್ಪೆಲ್ಲ ಯಂತ್ರದ್ದೆನ್ನುವವನ ಕಿಸೆ ಬರಿದಾಗುತ್ತದೆ. ಇಬ್ಬರೂ ಗಮನಿಸುವ ಶ್ರಮವನ್ನು ತಪ್ಪಿಸಿಕೊಂಡವರೇ.

ಕಾರ್ಖಾನೆಯವರು ತಪ್ಪು ಮಾಡಿರುತ್ತಾರೆಂದು ನನ್ನ ವಾದವಲ್ಲ. ಅವರು ಹೊಂದಿಸಿರುವುದು ನಮ್ಮ ರಸ್ತೆಯ ಗುಂಡಿಗಳಿಗೆ, ಹಿಂದೆ ಕೂರುವ ಸಂಗಾತಿಗೆ, ಯಾರದೋ ಸರಾಸರಿ ತೂಕಕ್ಕೆ. ಟ್ರ್ಯಾಕಿಗೂ ನಮ್ಮ ಮೈಭಾರಕ್ಕೂ ಅದನ್ನು ಹೊಂದಿಸಿಕೊಳ್ಳುವ ಹೊಣೆ ನಮ್ಮದು. ಮುಂದಿನ ತರಬೇತಿ ದಿನಕ್ಕೆ ಹೊರಡುವ ಗೆಳೆಯರು ಚೀಲದಲ್ಲಿ ಅಳತೆಪಟ್ಟಿಯ ಜೊತೆ ಒಂದು ಪುಸ್ತಕ, ಪೆನ್ನು ಇಟ್ಟುಕೊಳ್ಳಲಿ. ಏನು ಕೊಳ್ಳಬೇಕೆಂದು ಕೇಳುವ ಮೊದಲು, ಏನಾಗುತ್ತಿದೆ, ಎಲ್ಲಿ, ಯಾವಾಗ ಎಂಬುದನ್ನು ಬರೆಯಲಿ.