ಶುಶ್ರೂಷಕಿಯರನ್ನು ಉಳಿಸಿಕೊಳ್ಳುವ ಹೊಣೆ ಯಾರದು?

ಆಸ್ಪತ್ರೆಗೆ ಭವ್ಯ ಕಟ್ಟಡ ಕಟ್ಟಬಹುದು, ಬೆಲೆಬಾಳುವ ಯಂತ್ರಗಳನ್ನು ತರಿಸಬಹುದು. ಆದರೆ ನಡುರಾತ್ರಿ ನರಳುವ ರೋಗಿಯ ಬಳಿಗೆ ಮೊದಲು ಧಾವಿಸುವವಳು ಶುಶ್ರೂಷಕಿ. ಆಕೆಯೇ ಕೆಲಸ ತೊರೆದರೆ ಉಳಿದ ಅನುಕೂಲಗಳಿಂದ ಪ್ರಯೋಜನವೇನು?

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ ಸುಮಾರು 2.98 ಕೋಟಿ ಶುಶ್ರೂಷಾ ಸಿಬ್ಬಂದಿಯಿದ್ದು, ಇನ್ನೂ 58 ಲಕ್ಷ ಮಂದಿಯ ಕೊರತೆಯಿದೆ. ಈ ಕೊರತೆ ತುಂಬಿಕೊಳ್ಳಲು ಕೊಲ್ಲಿ ರಾಷ್ಟ್ರಗಳೂ ಬ್ರಿಟನ್ನೂ ನಮ್ಮಲ್ಲಿ ಕಲಿತವರನ್ನು ಕರೆದೊಯ್ಯುತ್ತಿವೆ. ವೇತನವೇ ಇದಕ್ಕೆ ಕಾರಣವೆಂಬ ಮಾತಿನಲ್ಲಿ ಸತ್ಯವಿದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ರಚಿತವಾದ ಸಮಿತಿಯು ಚಿಕ್ಕ ಖಾಸಗಿ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ನೀಡಬೇಕೆಂದು ಶಿಫಾರಸು ಮಾಡಿತ್ತು. ಆದರೆ ವೇತನವೊಂದೇ ಕಾರಣವಲ್ಲ.

1980ರ ದಶಕದ ಆರಂಭದಲ್ಲಿ ಅಮೆರಿಕವೂ ಶುಶ್ರೂಷಕಿಯರ ತೀವ್ರ ಅಭಾವವನ್ನು ಎದುರಿಸಿತು. ಆಗ ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಒಂದು ವಿಭಿನ್ನ ಪ್ರಶ್ನೆ ಕೇಳಿತು: ಬಿಟ್ಟು ಹೋಗುವವರ ನಡುವೆಯೂ ಕೆಲವು ಆಸ್ಪತ್ರೆಗಳಲ್ಲಿ ಸಿಬ್ಬಂದಿ ಉಳಿಯುವುದೇಕೆ? 1983ರ ವರದಿಯಲ್ಲಿ ಅಂತಹ 41 ಆಸ್ಪತ್ರೆಗಳನ್ನು ಗುರುತಿಸಿ, ಅವುಗಳನ್ನು ಅಯಸ್ಕಾಂತಕ್ಕೆ ಹೋಲಿಸಲಾಯಿತು. ಅಲ್ಲಿನ ಶುಶ್ರೂಷಾ ಮುಖ್ಯಸ್ಥರು ಸಿಬ್ಬಂದಿಯ ಕಣ್ಣಿಗೆ ಕಾಣುವಂತಿದ್ದರು, ಅಹವಾಲು ಆಲಿಸುತ್ತಿದ್ದರು, ನಿರ್ಧಾರಗಳಲ್ಲಿ ಸಹೋದ್ಯೋಗಿಗಳಿಗೂ ಪಾಲು ನೀಡುತ್ತಿದ್ದರು. ಇಂತಹ ಆಸ್ಪತ್ರೆಗಳಲ್ಲಿ ವೃದ್ಧ ರೋಗಿಗಳ ಮರಣ ಪ್ರಮಾಣವೂ ಕಡಿಮೆಯೆಂದು 1994ರ ಅಧ್ಯಯನವೊಂದು ತೋರಿಸಿತು.

ಇದರ ಮರ್ಮ ಸರಳವಾಗಿದೆ. ರಾತ್ರಿ ಪಾಳಿಯನ್ನು ಯಾರಿಗೆ ಹಂಚಬೇಕು, ಯಾರ ರಜೆಗೆ ಒಪ್ಪಿಗೆ ಕೊಡಬೇಕು, ತಪ್ಪಾದಾಗ ತಿದ್ದಬೇಕೋ ಎಲ್ಲರೆದುರು ನಿಂದಿಸಬೇಕೋ, ವೈದ್ಯರು ಗದರಿದಾಗ ಯಾರ ಪರ ನಿಲ್ಲಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ವಾರ್ಡಿನ ಮುಖ್ಯ ಶುಶ್ರೂಷಕಿ. ಕಿರಿಯರಿಗೆ ಆಸ್ಪತ್ರೆಯೆಂದರೆ ಆಕೆಯೇ. ಆಕೆ ಪಕ್ಷಪಾತ ತೋರಿದರೆ ಒಬ್ಬರು ಹೊರಡುತ್ತಾರೆ. ಅವರ ಹೊರೆ ಉಳಿದವರ ಮೇಲೆ ಬೀಳುತ್ತದೆ. ದಣಿದ ಮತ್ತೊಬ್ಬರೂ ಹೊರಡುತ್ತಾರೆ. ಕೊನೆಗೆ ಅದರ ಬೆಲೆ ತೆರುವವನು ರೋಗಿ.

ಹಾಗೆಂದು ದೋಷವನ್ನೆಲ್ಲ ಆಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇವಲ ಸೇವಾ ಹಿರಿತನದಿಂದ ಬಡ್ತಿ ನೀಡಿ, ಮುಂದಾಳತ್ವದ ತರಬೇತಿ ಕೊಡದೆ, ದಾಸ್ತಾನು ಲೆಕ್ಕ ಹಾಗೂ ದಾಖಲೆ ಪುಸ್ತಕಗಳಲ್ಲಿ ಕಟ್ಟಿಹಾಕಿದರೆ ಸಿಬ್ಬಂದಿಯ ಮಾತು ಕೇಳಲು ಆಕೆಗೆ ಬಿಡುವೆಲ್ಲಿ? ಸಾಕಷ್ಟು ಸಿಬ್ಬಂದಿಯನ್ನೇ ಕೊಡದಿದ್ದರೆ ಪಾಳಿಯನ್ನು ನ್ಯಾಯವಾಗಿ ಹಂಚುವುದಾದರೂ ಹೇಗೆ?

ನಮ್ಮ ನಾಡಿನಲ್ಲಿ ಮಠಗಳೂ ಸಂಘ-ಸಂಸ್ಥೆಗಳೂ ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ನಡೆಸುತ್ತಿವೆ. ಆದ್ದರಿಂದ ಈ ವಿಚಾರ ನಮಗೆ ಹೊರಗಿನದಲ್ಲ. ಸೇವೆಯೆಂಬ ಪವಿತ್ರ ಹೆಸರು ವಿಶ್ರಾಂತಿಯನ್ನೂ ಗೌರವವನ್ನೂ ನಿರಾಕರಿಸಲು ನೆಪವಾಗಬಾರದು. ಮುಖ್ಯ ಶುಶ್ರೂಷಕಿಯರಿಗೆ ತರಬೇತಿ, ಅಧಿಕಾರ ಹಾಗೂ ಆಡಳಿತ ಮಂಡಳಿಯ ಸಭೆಯಲ್ಲಿ ಸ್ಥಾನ ದೊರೆಯಲಿ. ಕೆಲಸ ಬಿಡುವವರನ್ನು ಕಾರಣ ಕೇಳಿ, ಆ ಉತ್ತರವನ್ನು ತಾಳ್ಮೆಯಿಂದ ಆಲಿಸುವ ಪರಿಪಾಠವೂ ಬೆಳೆಯಲಿ. ಆರೈಕೆ ಮಾಡುವವರನ್ನು ಆರೈಕೆ ಮಾಡುವ ಸಂಸ್ಥೆಯಲ್ಲಿ ಮಾತ್ರ ರೋಗಿಯು ನಿಶ್ಚಿಂತೆಯಿಂದ ಮಲಗಬಲ್ಲನು.